ಪ್ರೋಗ್ರಾಂ ಒಳಗೆ ಫೋಲ್ಡರ್ ಬದಲಾಗುತ್ತದೆ, ಮುಗಿದ ಕೂಡಲೇ ಮೊದಲಿನ ಜಾಗವೇ. ಎಂತ ಕಥೆ ಇದು?

ಬದಿಯಡ್ಕ_ಡಿಟಿಪಿ
ಎಲ್ಲರಿಗೂ ನಮಸ್ಕಾರ. ನನ್ನದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಇಂಥದ್ದೇ ಕೆಲಸ. ಕಂಪ್ಯೂಟರಿಗೆ ಉಬುಂಟು ಹಾಕಿಕೊಂಡಿದ್ದೇನೆ. ವರ್ಷ, ತಿಂಗಳು, ತಾರೀಕು ಅಂತ ಫೋಲ್ಡರ್ ಒಳಗೆ ಫೋಲ್ಡರ್. ಬೆಳಗ್ಗೆ ಬಂದು ಟರ್ಮಿನಲ್‌ನಲ್ಲಿ ಅಷ್ಟುದ್ದ ಟೈಪ್ ಮಾಡಲು ಉದಾಸೀನ ಆಗಿ, ಸಿ ಭಾಷೆಯಲ್ಲಿ 'ಹೋಗು' ಅಂತ ಒಂದು ಪ್ರೋಗ್ರಾಂ ಬರೆದೆ. ಅದು ಇವತ್ತಿನ ತಾರೀಕು ನೋಡಿ, ಆ ಫೋಲ್ಡರಿಗೆ ಸಿಎಚ್‌ಡಿರ್ (ಫೋಲ್ಡರ್ ಬದಲಿಸುವ ಫಂಕ್ಷನ್) ಕಾಲ್ ಮಾಡುತ್ತದೆ. ಅಷ್ಟೇ.

ಸಿಎಚ್‌ಡಿರ್ ಸೊನ್ನೆ ಕೊಡುತ್ತದೆ, ಅಂದರೆ ಎಲ್ಲ ಸರಿ. ಅದರ ಕೆಳಗೆ, ಈಗ ಯಾವ ಫೋಲ್ಡರ್ ಅಂತ ಹೇಳುವ ಗೆಟ್‌ಸಿಡಬ್ಲ್ಯುಡಿ ಹಾಕಿ ಪ್ರಿಂಟ್ ಮಾಡಿಸಿದರೆ ಸರಿಯಾದ ಫೋಲ್ಡರೇ ತೋರಿಸುತ್ತದೆ. ಆದರೆ ಪ್ರೋಗ್ರಾಂ ಮುಗಿದು ಪ್ರಾಂಪ್ಟ್ ಬಂದಾಗ ನೋಡಿದರೆ ನಾನು ಹೋಮ್‌ನಲ್ಲೇ ಇದ್ದೇನೆ. ಅಡ್ಮಿನ್ ಅಧಿಕಾರ ಕೊಡುವ ಸುಡೋ ಹಾಕಿ ನೋಡಿದೆ, ಅದೇ ಹಾಡು. ಸೊನ್ನೆ ಕೊಟ್ಟು ಸುಳ್ಳು ಹೇಳುತ್ತದಾ ಇದು?

ಉಪ್ಪಳ_ಉಬುಂಟು
ಪ್ರೋಗ್ರಾಂ ಬೇಡ, ಟರ್ಮಿನಲ್ ತೆರೆದಾಗ ಓದುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಒಂದು ಫಂಕ್ಷನ್ ಬರೆಯಿರಿ. ಮುಗಿಯಿತು.

ಬದಿಯಡ್ಕ_ಡಿಟಿಪಿ
ಅಣ್ಣ, ಅದು ಸರಿ. ಆದರೆ ಯಾಕೆ ಅಂತ ಗೊತ್ತಾಗದೆ ನನಗೆ ನಿದ್ದೆ ಬರುವುದಿಲ್ಲ.

ಚಂದ್ರಗಿರಿ_ತೀರ
ಸುಳ್ಳು ಹೇಳುತ್ತಿಲ್ಲ. ನಿಮ್ಮ ಪ್ರೋಗ್ರಾಂ ನಿಜವಾಗಿ ಆ ಫೋಲ್ಡರಿಗೆ ಹೋಗಿದೆ. ಹೋದದ್ದು ಅದು, ನಿಮ್ಮ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಅಲ್ಲ.

'ಈಗ ನಾನು ಯಾವ ಫೋಲ್ಡರ್‌ನಲ್ಲಿದ್ದೇನೆ' ಎನ್ನುವ ವಿಷಯ ಟರ್ಮಿನಲ್‌ನದ್ದೂ ಅಲ್ಲ, ಯೂಸರ್‌ನದ್ದೂ ಅಲ್ಲ. ಒಂದೊಂದು ಪ್ರೊಸೆಸ್‌ಗೂ (ಓಡುತ್ತಿರುವ ಪ್ರೋಗ್ರಾಂಗೂ) ಅದರದ್ದೇ ಬೇರೆ ಬೇರೆ. ಕರ್ನೆಲ್, ಅಂದರೆ ಸಿಸ್ಟಂನ ತಿರುಳು, ಅದನ್ನು ಪ್ರೊಸೆಸ್‌ನ ಲೆಕ್ಕದಲ್ಲೇ ಬರೆದಿಡುತ್ತದೆ. ನೀವು 'ಹೋಗು' ಅಂತ ಟೈಪ್ ಮಾಡಿದಾಗ ಶೆಲ್ ಮೊದಲು ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ಒಂದು ಪ್ರತಿ ಹುಟ್ಟಿಸುತ್ತದೆ. ಆ ಪ್ರತಿಗೆ ಶೆಲ್ ಇದ್ದ ಫೋಲ್ಡರೇ ಸಿಗುತ್ತದೆ. ಆಮೇಲೆ ಎಕ್ಸೆಕ್ ಆಗಿ ನಿಮ್ಮ ಪ್ರೋಗ್ರಾಂ ಅದರೊಳಗೆ ಕೂರುತ್ತದೆ, ಆಗಲೂ ಫೋಲ್ಡರ್ ಬದಲಾಗುವುದಿಲ್ಲ. ಸಿಎಚ್‌ಡಿರ್ ಕರೆದಾಗ ಮಾತ್ರ ಬದಲಾಗುತ್ತದೆ, ಅದೂ ಕರೆದವನಿಗೆ ಮಾತ್ರ. ಪ್ರೋಗ್ರಾಂ ಮುಗಿಯಿತು, ಪ್ರೊಸೆಸ್ ಸತ್ತಿತು, ಅದರ ಜೊತೆ ಆ ಫೋಲ್ಡರಿನ ಲೆಕ್ಕವೂ ಹೋಯಿತು. ಮಗ ಬಸ್ಸು ಹತ್ತಿ ಮಂಗಳೂರಿಗೆ ಹೋದರೆ ಮನೆಯಲ್ಲಿ ಕೂತ ಅಪ್ಪ ಮಂಗಳೂರಿಗೆ ತಲುಪುತ್ತಾರಾ?

ಸುಡೋ ಹಾಕಿದರೆ ಮಧ್ಯೆ ಇನ್ನೊಂದು ಪ್ರೊಸೆಸ್ ಬಂತು ಅಷ್ಟೇ. ಮಗ ಹೋಗಿ ಮೊಮ್ಮಗ ಆಯಿತು.

ಕಣ್ಣಾರೆ ನೋಡಬೇಕಾ? ಎರಡು ಟರ್ಮಿನಲ್ ತೆರೆಯಿರಿ. ಮೊದಲನೆಯದರಲ್ಲಿ ಎಕೋ ಬರೆದು ಎರಡು ಡಾಲರ್ ಚಿಹ್ನೆ ಒತ್ತಿದರೆ ಆ ಶೆಲ್‌ನ ಪ್ರೊಸೆಸ್ ನಂಬರ್ ಬರುತ್ತದೆ. ಎರಡನೆಯದರಲ್ಲಿ, ಪ್ರೊಸೆಸ್ ಮಾಡುವ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್‌ಗೆ ಆ ನಂಬರ್ ಕೊಟ್ಟು, ಸಿಎಚ್‌ಡಿರ್ ಕಾಲ್ ಮಾತ್ರ ತೋರಿಸು ಅನ್ನಿ (ಉಬುಂಟುವಿನಲ್ಲಿ ಇದಕ್ಕೆ ಸುಡೋ ಬೇಕು). ಈಗ ಮೊದಲನೆಯದರಲ್ಲಿ ಸಿಡಿ (ಫೋಲ್ಡರ್ ಬದಲಿಸುವ ಕಮಾಂಡ್) ಮಾಡಿದರೆ ಎರಡನೆಯದರಲ್ಲಿ ಕೂಡಲೇ ಒಂದು ಸಾಲು ಬೀಳುತ್ತದೆ: ಸಿಎಚ್‌ಡಿರ್, ಫೋಲ್ಡರಿನ ಹೆಸರು, ಕೊನೆಯಲ್ಲಿ ಸೊನ್ನೆ. ಆಮೇಲೆ 'ಹೋಗು' ಓಡಿಸಿ. ಸಿಎಚ್‌ಡಿರ್ ಸಾಲು ಒಂದೂ ಬರುವುದಿಲ್ಲ. ಎಸ್‌ಟ್ರೇಸ್‌ಗೆ, ಮಗು ಪ್ರೊಸೆಸ್‌ಗಳನ್ನೂ ಹಿಂಬಾಲಿಸುವ ಮೈನಸ್ ಎಫ್ ಸೇರಿಸಿ ಮತ್ತೊಮ್ಮೆ ಓಡಿಸಿ. ಆಗ ಬರುತ್ತದೆ, ಆದರೆ ಬೇರೆ ಪ್ರೊಸೆಸ್ ನಂಬರಿನ ಮುಂದೆ.

ಬದಿಯಡ್ಕ_ಡಿಟಿಪಿ
ಮಾಡಿ ನೋಡಿದೆ. ಅಬ್ಬ! ಹಾಗಾದರೆ ಸಿಡಿ ಅನ್ನುವುದು ಪ್ರೋಗ್ರಾಂ ಅಲ್ವಾ?

ಉಪ್ಪಳ_ಉಬುಂಟು
ಅಲ್ಲ. ಟೈಪ್ ಸಿಡಿ ಅಂತ ಕೊಟ್ಟು ನೋಡಿ, ಶೆಲ್ ಬಿಲ್ಟ್‌ಇನ್ (ಶೆಲ್ ಒಳಗೇ ಇರುವ ಕಮಾಂಡ್) ಅನ್ನುತ್ತದೆ. ಅದಕ್ಕೇ ಸುಡೋ ಸಿಡಿ ಅಂತ ಕೊಟ್ಟರೆ ಅಂಥ ಕಮಾಂಡೇ ಇಲ್ಲ ಅಂತ ಬಯ್ಯುವುದು.

ಮುಳ್ಳೇರಿಯ_ಮ್ಯಾಕ್
ಇಲ್ಲ ಇಲ್ಲ, ನನ್ನ ಮ್ಯಾಕ್‌ನಲ್ಲಿ ಯುಎಸ್ಆರ್ ಬಿನ್ ಒಳಗೆ ಸಿಡಿ ಅಂತ ಫೈಲೇ ಇದೆ. ಈಗಷ್ಟೇ ನೋಡಿದೆ.

ಚಂದ್ರಗಿರಿ_ತೀರ
ಇರುತ್ತದೆ. ಯುನಿಕ್ಸ್ ಮಾದರಿಯ ಸಿಸ್ಟಂಗಳಿಗೆ ಇರುವ ಪಾಸಿಕ್ಸ್ ನಿಯಮ ಪ್ರಕಾರ ಇಂಥ ಕೆಲವು ಬಿಲ್ಟ್‌ಇನ್‌ಗಳು ಹೊರಗಿನ ಪ್ರೋಗ್ರಾಂ ಆಗಿಯೂ ಸಿಗಬೇಕು. ಅದಕ್ಕೆ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟಿದ್ದಾರೆ. ಅದನ್ನು ಓಡಿಸಿದರೆ ಅದು ತಾನು ಸಿಡಿ ಮಾಡಿಕೊಂಡು ಸಾಯುತ್ತದೆ, ನಿಮ್ಮ ಶೆಲ್‌ಗೆ ಏನೂ ಆಗುವುದಿಲ್ಲ. ಒಂದು ಫೋಲ್ಡರಿಗೆ ಹೋಗಲು ಪರ್ಮಿಶನ್ ಇದೆಯಾ ಅಂತ ಪರೀಕ್ಷೆ ಮಾಡಲು ಬೇಕಾದರೆ ಬಳಸಬಹುದು.

ಹಳೆ_ಯುನಿಕ್ಸ್
ತಮ್ಮಂದಿರೇ, ಈ ಡಿಟಿಪಿಯವರಿಗೆ ಆದದ್ದು ಯುನಿಕ್ಸ್ ಹುಟ್ಟಿಸಿದವರಿಗೇ ಆಗಿತ್ತು. ಡೆನಿಸ್ ರಿಚಿ ಅವರೇ ಬರೆದಿಟ್ಟಿದ್ದಾರೆ. ಪಿಡಿಪಿ-7 ಮೆಶಿನಿನಲ್ಲಿ ಮೊದಲು ಫೋರ್ಕ್ ಇರಲಿಲ್ಲ. ಎರಡು ಟರ್ಮಿನಲ್, ಎರಡೇ ಪ್ರೊಸೆಸ್. ಆಮೇಲೆ ಫೋರ್ಕ್ ಸೇರಿಸಿದರು, ಅದಕ್ಕೆ ಬೇಕಾದದ್ದು ಅಸೆಂಬ್ಲಿಯ 27 ಸಾಲು ಮಾತ್ರ. ಸೇರಿಸಿದ ಮೇಲೆ ನೋಡಿದರೆ ಸಿಎಚ್‌ಡಿರ್ ಕಮಾಂಡ್ ಕೆಲಸ ಮಾಡುವುದಿಲ್ಲ! ಕೋಡ್ ಓದಿ ಓದಿ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತಂತೆ, ಕಮಾಂಡ್ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಆದರೆ ಫೋಲ್ಡರ್ ಬದಲಾಗುವುದು ಈಗ ಹುಟ್ಟಿ ಈಗಲೇ ಸಾಯುವ ಪ್ರೊಸೆಸ್‌ಗೆ ಅಂತ. ಅದಕ್ಕೇ ಅದನ್ನು ಶೆಲ್ ಒಳಗೇ ತಂದು ಕೂರಿಸಿದರು.

ಪೆರ್ಲ_ಪೈಥಾನ್
ಹಾಗಾದರೆ ಫೋರ್ಕ್ ಬರುವ ಮೊದಲು ಹೇಗೆ ನಡೆಯುತ್ತಿತ್ತು?

ಹಳೆ_ಯುನಿಕ್ಸ್
ಶೆಲ್ ತನ್ನ ಮೇಲೆಯೇ ಕಮಾಂಡನ್ನು ಲೋಡ್ ಮಾಡಿಕೊಳ್ಳುತ್ತಿತ್ತು. ಕಮಾಂಡ್ ಮುಗಿದರೆ ಅದೇ ಜಾಗಕ್ಕೆ ಶೆಲ್ ಮತ್ತೆ ಬರುತ್ತಿತ್ತು. ಪ್ರೊಸೆಸ್ ಒಂದೇ, ಹಾಗಾಗಿ ಫೋಲ್ಡರ್ ಹಾಗೇ ಉಳಿಯುತ್ತಿತ್ತು.

ಕಿಟಕಿ_ಪಕ್ಷ
ಇದಕ್ಕೇ ನಾನು ವಿಂಡೋಸ್ ಬಿಡುವುದಿಲ್ಲ. ನನ್ನ ಬ್ಯಾಚ್ ಫೈಲ್ ಒಳಗೆ ಸಿಡಿ ಹಾಕಿದ್ದೇನೆ, ಮುಗಿದ ಮೇಲೂ ಅದೇ ಫೋಲ್ಡರ್‌ನಲ್ಲಿ ನಿಲ್ಲುತ್ತದೆ. ನಿಮ್ಮ ಲಿನಕ್ಸ್‌ಗೆ ಇಷ್ಟು ಉಪದ್ರ ಯಾಕೆ ಮಾರಾಯ್ರೆ?

ಚಂದ್ರಗಿರಿ_ತೀರ
ನಿಮ್ಮ ಬ್ಯಾಚ್ ಫೈಲನ್ನು ಅದೇ ಸಿಎಂಡಿ ಕಿಟಕಿ ತಾನೇ ಓದಿ ನಡೆಸುತ್ತದೆ, ಹೊಸ ಪ್ರೊಸೆಸ್ ಹುಟ್ಟುವುದಿಲ್ಲ. ಲಿನಕ್ಸ್‌ನಲ್ಲಿ ಸೋರ್ಸ್ ಅಂತ ಹಾಕಿ ಸ್ಕ್ರಿಪ್ಟ್ ಓಡಿಸಿದರೆ ಅದೇ ಆಗುತ್ತದೆ. ಒಂದು ಇಎಕ್ಸ್‌ಇ ಬರೆದು ಅದರಲ್ಲಿ ಸೆಟ್‌ಕರೆಂಟ್‌ಡೈರೆಕ್ಟರಿ ಕರೆದು ನೋಡಿ. ನಿಮ್ಮ ಸಿಎಂಡಿಯೂ ಜಗ್ಗುವುದಿಲ್ಲ.

ಕಿಟಕಿ_ಪಕ್ಷ
ಸರಿ, ಒಪ್ಪಿದೆ. ಆದರೆ ಡಿ ಡ್ರೈವಿಗೆ ಹೋಗಲು ಸಿಡಿಗೆ ಸ್ಲ್ಯಾಶ್ ಡಿ ಯಾಕೆ ಹಾಕಬೇಕು ಅಂತ ಇವತ್ತಿಗೂ ಅರ್ಥ ಆಗಿಲ್ಲ.

ಹಳೆ_ಯುನಿಕ್ಸ್
ಡಾಸ್ ಕಾಲದ ಬಳುವಳಿ. ಡಾಸ್‌ನಲ್ಲಿ ಪ್ರತಿ ಡ್ರೈವಿಗೂ ಬೇರೆ ಬೇರೆ ಕರೆಂಟ್ ಫೋಲ್ಡರ್. ವಿಂಡೋಸ್‌ನಲ್ಲಿ ಪ್ರೊಸೆಸ್‌ಗೆ ಒಂದೇ, ಆದರೆ ಹಳೆ ಅಭ್ಯಾಸ ತಪ್ಪಬಾರದು ಅಂತ ಪ್ರತಿ ಡ್ರೈವಿನದ್ದನ್ನು ಅಡಗಿಸಿಟ್ಟ ಎನ್ವಿರಾನ್‌ಮೆಂಟ್ ವೇರಿಯೇಬಲ್‌ನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಬರೀ ಸಿಡಿ ಕೊಟ್ಟರೆ ಆ ನೆನಪು ಬದಲಾಗುತ್ತದೆ, ನೀವು ಸಿ ಡ್ರೈವಿನಲ್ಲೇ ಇರುತ್ತೀರಿ.

ಅಡಿಕೆ_ಅಂಗಳ
ನಾನು ಸುಮ್ನೆ ಓದುತ್ತಾ ಇದ್ದೇನೆ. ಅಂಗಳದಲ್ಲಿ ಅಡಿಕೆ ಹರವಿ ಮೋಡ ನೋಡುತ್ತಾ ಕೂತವನಿಗೆ ಇದಕ್ಕಿಂತ ಒಳ್ಳೆ ಟೈಂಪಾಸ್ ಇಲ್ಲ. ಮುಂದುವರಿಸಿ.

ಚಂದ್ರಗಿರಿ_ತೀರ
@ಬದಿಯಡ್ಕ_ಡಿಟಿಪಿ ನಿಮ್ಮ ಪ್ರೋಗ್ರಾಂ ಬಿಸಾಡಬೇಕಿಲ್ಲ. ಅದರಲ್ಲಿ ಸಿಎಚ್‌ಡಿರ್ ತೆಗೆಯಿರಿ, ಫೋಲ್ಡರಿನ ಹೆಸರನ್ನು ಪ್ರಿಂಟ್ ಮಾಡಿಸಿ ಬಿಡಿ. ಬ್ಯಾಶ್‌ಆರ್‌ಸಿಯಲ್ಲಿ ಒಂದು ಫಂಕ್ಷನ್ ಬರೆದು, ಆ ಪ್ರಿಂಟ್ ಆದದ್ದನ್ನು ಹಿಡಿದು ಸಿಡಿಗೆ ಕೊಡಿ. ಹೋಗಬೇಕಾದ ಜಾಗ ಯಾವುದು ಅಂತ ಪ್ರೋಗ್ರಾಂ ಹೇಳಲಿ, ಹೋಗುವುದು ಶೆಲ್ ಕೆಲಸ. ಎರಡು ಬದಿಗೆ ಡಬಲ್ ಕೋಟ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ 'ಮದುವೆ ಕಾಗದ' ಅನ್ನುವ ಫೋಲ್ಡರ್ ಎರಡು ತುಂಡಾಗುತ್ತದೆ.

ಬದಿಯಡ್ಕ_ಡಿಟಿಪಿ
ಆಯಿತು! ಕೆಲಸ ಮಾಡಿತು. ಇನ್ನೊಂದು ಕೇಳಲಾ? ಪೆನ್‌ಡ್ರೈವ್ ತೆಗೆಯಲು ಹೋದರೆ ಬಿಝಿ ಅಂತ ಹೇಳುತ್ತದೆ, ಫೈಲ್ ಒಂದೂ ತೆರೆದಿರುವುದಿಲ್ಲ. ಗಿರಾಕಿ ಎದುರು ನಿಂತಿರುತ್ತಾರೆ, ಅವರಿಗೆ ಬಸ್ಸಿನ ಗಡಿಬಿಡಿ.

ಉಪ್ಪಳ_ಉಬುಂಟು
ಯಾವುದೋ ಟರ್ಮಿನಲ್ ಆ ಪೆನ್‌ಡ್ರೈವ್ ಒಳಗೆ ಕೂತಿರುತ್ತದೆ. ಅಲ್ಲಿಂದ ಸಿಡಿ ಮಾಡಿ ಹೊರಗೆ ಬನ್ನಿ.

ಚಂದ್ರಗಿರಿ_ತೀರ
ಹೌದು, ಫೈಲ್ ತೆರೆಯದಿದ್ದರೂ ಒಂದು ಪ್ರೊಸೆಸ್‌ನ ವರ್ಕಿಂಗ್ ಡೈರೆಕ್ಟರಿ (ಅದು ಈಗಿರುವ ಫೋಲ್ಡರ್) ಅಲ್ಲಿದ್ದರೆ ಸಾಕು, ಕರ್ನೆಲ್ ಬಿಡುವುದಿಲ್ಲ. ಯಾರು ಹಿಡಿದುಕೊಂಡಿದ್ದಾರೆ ಅಂತ ಎಲ್‌ಎಸ್‌ಓಎಫ್ ಅಥವಾ ಫ್ಯೂಸರ್ ಹೇಳುತ್ತದೆ. ಹಿಂದೆ ಕೂತು ಸದಾ ಓಡುವ ಡೀಮನ್‌ಗಳು ಶುರುವಿನಲ್ಲೇ ರೂಟ್ (ಎಲ್ಲಕ್ಕಿಂತ ಮೇಲಿನ) ಫೋಲ್ಡರಿಗೆ ಸಿಎಚ್‌ಡಿರ್ ಮಾಡಿಕೊಳ್ಳುವುದು ಇದೇ ಕಾರಣಕ್ಕೆ.

ಲ್ಯಾಬ್_ಟೀಚರ್
ನಮ್ಮ ಕನ್ನಡ ಮಾಧ್ಯಮ ಶಾಲೆಯ ಲ್ಯಾಬಿನಲ್ಲಿ ಕೈಟ್‌ನವರ (ಕೇರಳದ ಶಾಲೆಗಳ ಐಟಿ ನೋಡುವ ಸರಕಾರಿ ಸಂಸ್ಥೆ) ಲಿನಕ್ಸ್ ಇರುವುದರಿಂದ ಮಕ್ಕಳಿಗೆ ಸಿಡಿ, ಫೋಲ್ಡರಿನ ಒಳಗಿರುವುದನ್ನು ತೋರಿಸುವ ಎಲ್‌ಎಸ್ ಎಲ್ಲ ನೀರು ಕುಡಿದ ಹಾಗೆ. ಒಂದು ಫೋಲ್ಡರಿಗೆ ಬೇರೆಯವರಿಗೆ ಎಕ್ಸ್ (ಒಳಗೆ ಹೋಗುವ) ಪರ್ಮಿಶನ್ ಮಾತ್ರ ಕೊಟ್ಟು, ಆರ್ (ಓದುವ) ತೆಗೆದು ನೋಡಿಸುತ್ತೇನೆ. ಸಿಡಿ ಮಾಡಿದರೆ ಒಳಗೆ ಹೋಗುತ್ತದೆ, ಎಲ್‌ಎಸ್ ಕೊಟ್ಟರೆ ಪರ್ಮಿಶನ್ ಇಲ್ಲ ಅನ್ನುತ್ತದೆ. 'ಟೀಚರೇ, ಒಳಗೆ ಬಂದಾಯಿತು, ಏನೂ ಕಾಣುವುದಿಲ್ಲ' ಅಂತ ನಗುತ್ತಾರೆ. ಸಿಎಚ್‌ಡಿರ್‌ಗೆ ಬೇಕಾದದ್ದು ಎಕ್ಸ್ ಮಾತ್ರ, ಓದುವ ಪರ್ಮಿಶನ್ ಬೇಡ. ದಾರಿಯಲ್ಲಿ ಬರುವ ಎಲ್ಲ ಫೋಲ್ಡರಿಗೂ ಎಕ್ಸ್ ಬೇಕು ಅನ್ನುವುದನ್ನು ಮಾತ್ರ ಎಷ್ಟು ಹೇಳಿದರೂ ಮರೆಯುತ್ತಾರೆ.

ನನ್ನದೂ ಒಂದು ಪ್ರಶ್ನೆ ಉಂಟು. 'ಕಾಸರಗೋಡು ಕಲೋತ್ಸವ' ಅಂತ ಒಂದು ಫೋಲ್ಡರ್ ಬಂತು. ಎಲ್‌ಎಸ್‌ನಲ್ಲಿ ಕಾಣುತ್ತದೆ. ಅಕ್ಷರ ತಪ್ಪದೆ ಟೈಪ್ ಮಾಡಿ ಸಿಡಿ ಕೊಟ್ಟರೆ ಅಂಥ ಫೋಲ್ಡರ್ ಇಲ್ಲ ಅನ್ನುತ್ತದೆ. ಕಣ್ಣೆದುರೇ ಇದೆಯಲ್ಲ!

ಪೆರ್ಲ_ಪೈಥಾನ್
ಕೊನೆಗೆ ಸ್ಪೇಸ್ ಇರಬಹುದು ಟೀಚರ್.

ಲ್ಯಾಬ್_ಟೀಚರ್
ಇಲ್ಲ, ನೋಡಿದೆ. ಟ್ಯಾಬ್ ಒತ್ತಿ ತುಂಬಿಸಿದರೆ ಹೋಗುತ್ತದೆ. ಕೈಯಲ್ಲಿ ಬರೆದರೆ ಇಲ್ಲ.

ಚಂದ್ರಗಿರಿ_ತೀರ
ಆ ಫೋಲ್ಡರ್ ಎಲ್ಲಿಂದ ಬಂದದ್ದು? ಹಳೆ ಮ್ಯಾಕ್‌ನಿಂದಲಾ?

ಲ್ಯಾಬ್_ಟೀಚರ್
ಹೌದಲ್ಲ! ಫೋಟೋ ತೆಗೆದವರದ್ದು ಹಳೆ ಮ್ಯಾಕ್. ನಿಮಗೆ ಹೇಗೆ ಗೊತ್ತಾಯಿತು?

ಚಂದ್ರಗಿರಿ_ತೀರ
'ಗೋ' ಮತ್ತು 'ಲೋ' ನೋಡಿ ಸಂಶಯ ಬಂತು. ಯುನಿಕೋಡ್‌ನಲ್ಲಿ ಓ ಸ್ವರಚಿಹ್ನೆಯನ್ನು ಎರಡು ರೀತಿ ಬರೆಯಬಹುದು. ಒಂದೇ ಕೋಡ್ ಆಗಿ, ಇಲ್ಲವೇ ಎತ್ವ, ಕೊಂಬು, ದೀರ್ಘ ಅಂತ ಮೂರು ಕೋಡ್ ಆಗಿ ಬಿಡಿಸಿ. ಪರದೆಯ ಮೇಲೆ ಎರಡೂ ಒಂದೇ. ಹಳೆ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ನಾವು ಕೀಬೋರ್ಡಿನಲ್ಲಿ ಹೊಡೆದರೆ ಸಾಮಾನ್ಯವಾಗಿ ಒಂದೇ ಕೋಡ್ ಬರುತ್ತದೆ. ಲಿನಕ್ಸ್ ಕರ್ನೆಲ್‌ಗೆ ಕನ್ನಡವೂ ಗೊತ್ತಿಲ್ಲ, ಮಲೆಯಾಳವೂ ಗೊತ್ತಿಲ್ಲ. ಸಿಎಚ್‌ಡಿರ್‌ಗೆ ಕೊಟ್ಟ ಬೈಟ್‌ಗಳನ್ನು ಫೋಲ್ಡರಿನ ಹೆಸರಿನ ಬೈಟ್‌ಗಳ ಜೊತೆ ಹೋಲಿಸುತ್ತದೆ, ಹೊಂದಲಿಲ್ಲ ಅಂದರೆ ಇಲ್ಲ ಅನ್ನುತ್ತದೆ.

ಲೆಕ್ಕ ನೋಡಿ. ಯುಟಿಎಫ್-8ನಲ್ಲಿ ಕನ್ನಡದ ಒಂದು ಕೋಡ್‌ಗೆ 3 ಬೈಟ್. 'ಕಾಸರಗೋಡು' ಅಂದರೆ 8 ಕೋಡ್, 24 ಬೈಟ್. ಬಿಡಿಸಿ ಬರೆದರೆ 10 ಕೋಡ್, 30 ಬೈಟ್. ಕೀ, ಕೇ, ಕೈ, ಕೊ, ಕೋ ಈ ಐದು ಸ್ವರಚಿಹ್ನೆಗಳಿಗೂ ಇದೇ ಪಾಡು. ಕೌ ಮಾತ್ರ ಒಂದೇ ಕೋಡ್, ಅದಕ್ಕೆ ಈ ತಾಪತ್ರಯ ಇಲ್ಲ.

ಕಾನ್ವ್‌ಎಂವಿ ಅಂತ ಒಂದು ಟೂಲ್ ಇದೆ, ಅದಕ್ಕೆ ಎನ್‌ಎಫ್‌ಸಿ ಅಂತ ಆಯ್ಕೆ ಕೊಟ್ಟರೆ ಹೆಸರುಗಳನ್ನೆಲ್ಲ ಕೂಡಿಸಿ ಬರೆಯುತ್ತದೆ. ಮೊದಲು ಏನು ಮಾಡುತ್ತೇನೆ ಅಂತ ತೋರಿಸುತ್ತದೆ ಅಷ್ಟೇ. ನಿಜವಾಗಿ ಬದಲಿಸಲು ನೋಟೆಸ್ಟ್ ಅಂತ ಸೇರಿಸಬೇಕು.

ಬದಿಯಡ್ಕ_ಡಿಟಿಪಿ
ಇದು ಗೊತ್ತೇ ಇರಲಿಲ್ಲ. ಆಮಂತ್ರಣದ ಪೂರ್ತಿ ಶೀರ್ಷಿಕೆಯನ್ನೇ ಫೋಲ್ಡರಿಗೆ ಇಟ್ಟರೆ ಕೆಲವೊಮ್ಮೆ ಹೆಸರು ಉದ್ದ ಆಯಿತು ಅನ್ನುತ್ತದೆ, ಅದೂ ಇದೇ ಲೆಕ್ಕವಾ?

ಚಂದ್ರಗಿರಿ_ತೀರ
ಅದೇ. ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿಗೆ 255 ಅಕ್ಷರ ಸಿಕ್ಕಿದರೆ ಕನ್ನಡಕ್ಕೆ 85 ಕೋಡ್. ಒತ್ತು, ಕೊಂಬು ಎಲ್ಲ ಅದರಲ್ಲೇ ಬಂತು. ಒಂದು ಕಾಲ್‌ಗೆ ಕೊಡುವ ಪೂರ್ತಿ ಪಾಥ್‌ಗೆ (ಫೋಲ್ಡರುಗಳ ಹೆಸರೆಲ್ಲ ಸೇರಿದ ವಿಳಾಸಕ್ಕೆ) ಲಿನಕ್ಸ್‌ನಲ್ಲಿ 4096 ಬೈಟ್.

ಅಡಿಕೆ_ಅಂಗಳ
ನಮ್ಮ ಕಡೆಯ ಬ್ರಹ್ಮಕಲಶದ ಆಮಂತ್ರಣಕ್ಕೆ 4096 ಸಾಲದು. ತಂತ್ರಿಗಳ ಹೆಸರು ಬರೆಯುವಾಗಲೇ ಮುಗಿಯುತ್ತದೆ.

ಪೆರ್ಲ_ಪೈಥಾನ್
ನಾನೊಂದು ಹೇಳುತ್ತೇನೆ, ಯಾರೂ ಜಗಳಕ್ಕೆ ಬರಬೇಡಿ. ಪ್ರೋಗ್ರಾಂ ಒಳಗೆ ಸಿಎಚ್‌ಡಿರ್ ಬಳಸಲೇಬಾರದು. ಎಲ್ಲ ಕಡೆ ಪೂರ್ತಿ ಪಾಥ್ ಕೊಡಿ.

ಒಂದು ಟ್ಯೂಷನ್ ಸೆಂಟರಿನವರು ಸಾಫ್ಟ್‌ವೇರ್ ನೋಡಲು ಕರೆದಿದ್ದರು. ಪೈಥಾನ್ ವೆಬ್ ಸರ್ವರ್, ಪ್ರತಿ ರಿಕ್ವೆಸ್ಟ್‌ಗೆ ಒಂದು ಥ್ರೆಡ್ (ಒಂದೇ ಪ್ರೊಸೆಸ್ ಒಳಗೆ ಒಟ್ಟಿಗೆ ಓಡುವ ಕೆಲಸದ ಎಳೆ). ಬರೆದವರು ಕ್ಲಾಸಿನ ಫೋಲ್ಡರಿಗೆ ಓಎಸ್ ಸಿಎಚ್‌ಡಿರ್ ಮಾಡಿ, ಅಲ್ಲಿ ಮಾರ್ಕ್ ಲಿಸ್ಟಿನ ಪಿಡಿಎಫ್ ಬರೆದು, ವಾಪಸ್ ಬರುವ ಹಾಗೆ ಮಾಡಿದ್ದರು. ಒಬ್ಬರೇ ಕೂತು ಟೆಸ್ಟ್ ಮಾಡಿದಾಗ ಎಲ್ಲ ಚೆನ್ನ. ಇಬ್ಬರು ಟೀಚರ್‌ಗಳು ಒಟ್ಟಿಗೆ ಬಟನ್ ಒತ್ತಿದ ದಿನ ಎಂಟನೇ ಕ್ಲಾಸಿನ ಪಿಡಿಎಫ್ ಹತ್ತನೇ ಕ್ಲಾಸಿನ ಫೋಲ್ಡರಿನಲ್ಲಿ! ವರ್ಕಿಂಗ್ ಡೈರೆಕ್ಟರಿ ಇರುವುದು ಪ್ರೊಸೆಸ್‌ಗೆ ಒಂದೇ, ಥ್ರೆಡ್‌ಗೆ ಒಂದೊಂದಲ್ಲ. ಒಬ್ಬ ಕದಲಿದರೆ ಎಲ್ಲರೂ ಕದಲುತ್ತಾರೆ. ಪೈಥಾನ್ 3.11ರಲ್ಲಿ ಕಾಂಟೆಕ್ಸ್ಟ್‌ಲಿಬ್ ಒಳಗೆ ಸಿಎಚ್‌ಡಿರ್ ಬಂದಿದೆ, ವಿತ್ ಬ್ಲಾಕ್ ಮುಗಿದ ಕೂಡಲೇ ವಾಪಸ್ ಬರುತ್ತದೆ. ನೋಡಲು ಚಂದ, ಆದರೆ ಥ್ರೆಡ್ ಇದ್ದರೆ ಇದೇ ಗತಿ.

ಹಳೆ_ಯುನಿಕ್ಸ್
ಬಳಸಲೇಬಾರದು ಅನ್ನುವುದು ಅತಿಯಾಯಿತು ತಮ್ಮಾ. ಹಾಗಾದರೆ ಶೆಲ್‌ನವನು ಏನು ಮಾಡಬೇಕು? ಟಾರ್‌ಗೆ, ಮೇಕ್‌ಗೆ, ಗಿಟ್‌ಗೆ ಮೈನಸ್ ದೊಡ್ಡ ಸಿ ಕೊಟ್ಟರೆ ಫೋಲ್ಡರ್ ಬದಲಿಸಿಯೇ ಕೆಲಸ ಶುರು ಮಾಡುವುದು. ಒಂದೇ ಕೆಲಸ ಮಾಡಿ ಮುಗಿಯುವ ಚಿಕ್ಕ ಪ್ರೋಗ್ರಾಂ ಆರಂಭದಲ್ಲೇ ಒಮ್ಮೆ ಸಿಎಚ್‌ಡಿರ್ ಮಾಡಿದರೆ ಯಾರಿಗೆ ತೊಂದರೆ?

ಪೆರ್ಲ_ಪೈಥಾನ್
ಆರಂಭದಲ್ಲಿ ಒಮ್ಮೆ ಅಂದರೆ ಸರಿ ಅಣ್ಣ. ಮಧ್ಯೆ ಮಧ್ಯೆ ಹೋಗಿ ಬರುವುದು ಬೇಡ ಅಂತ ನನ್ನ ವಾದ. ಬೇರೆ ಪ್ರೋಗ್ರಾಂ ಓಡಿಸಬೇಕಾದರೆ ಸಬ್‌ಪ್ರೊಸೆಸ್‌ಗೆ ಸಿಡಬ್ಲ್ಯುಡಿ ಅಂತ ಕೊಟ್ಟರೆ ಮಗು ಪ್ರೊಸೆಸ್ ಮಾತ್ರ ಆ ಫೋಲ್ಡರಿನಲ್ಲಿ ಹುಟ್ಟುತ್ತದೆ. ಜಾವಾದವರು ಸಿಎಚ್‌ಡಿರ್ ಕೊಡಲೇ ಇಲ್ಲ, ಪ್ರೊಸೆಸ್‌ಬಿಲ್ಡರ್‌ನಲ್ಲಿ ಡೈರೆಕ್ಟರಿ ಹೇಳಿ ಅಂದರು. ನೋಡ್‌ನವರು ವರ್ಕರ್ ಥ್ರೆಡ್ ಒಳಗೆ ಸಿಎಚ್‌ಡಿರ್ ಮಾಡಲು ಬಿಡುವುದಿಲ್ಲ.

ಚಂದ್ರಗಿರಿ_ತೀರ
ಇಬ್ಬರದ್ದೂ ಸ್ವಲ್ಪ ಸ್ವಲ್ಪ ಸರಿ. ಎರಡು ವಿಷಯ ಸೇರಿಸುತ್ತೇನೆ.

'ಥ್ರೆಡ್‌ಗೆ ಬೇರೆ ಇಲ್ಲ' ಅನ್ನುವುದು ಪಾಸಿಕ್ಸ್ ಮಾತು. ಲಿನಕ್ಸ್ ಒಳಗೆ ವರ್ಕಿಂಗ್ ಡೈರೆಕ್ಟರಿ, ರೂಟ್, ಯುಮಾಸ್ಕ್ (ಹೊಸ ಫೈಲಿನ ಪರ್ಮಿಶನ್‌ಗೆ ಮಿತಿ) ಮೂರೂ ಒಂದು ಸಣ್ಣ ಸ್ಟ್ರಕ್ಚರ್‌ನಲ್ಲಿ ಇರುತ್ತವೆ. ಸಾಮಾನ್ಯ ಥ್ರೆಡ್‌ಗಳು ಹುಟ್ಟುವಾಗ ಕ್ಲೋನ್ ಎಫ್‌ಎಸ್ ಅನ್ನುವ ಫ್ಲ್ಯಾಗ್‌ನಿಂದ ಅದನ್ನು ಹಂಚಿಕೊಳ್ಳುತ್ತವೆ. ಅನ್‌ಶೇರ್ ಕಾಲ್‌ನಿಂದ ಒಂದು ಥ್ರೆಡ್ ಬೇಕಾದರೆ ಬೇರೆ ಮನೆ ಮಾಡಿಕೊಳ್ಳಬಹುದು. ಫೈಲ್ ಹಂಚುವ ಸರ್ವರ್ ಸಾಂಬಾ ಇದನ್ನು ಬಳಸುತ್ತದೆ. ಆದರೆ ಲಿನಕ್ಸ್ ಬಿಟ್ಟು ಬೇರೆ ಕಡೆ ನಡೆಯುವುದಿಲ್ಲ.

ಎರಡನೆಯದು, ಪೂರ್ತಿ ಪಾಥ್ ಕೊಟ್ಟರೆ ಎಲ್ಲ ಕ್ಷೇಮ ಅಂತಲೂ ಇಲ್ಲ. ಮಧ್ಯದ ಫೋಲ್ಡರಿನ ಹೆಸರು ಯಾರೋ ಬದಲಿಸಿದರೆ ಪಾಥ್ ಸತ್ತಿತು. ಫೋಲ್ಡರನ್ನೇ ಒಮ್ಮೆ ಓಪನ್ ಮಾಡಿ, ಆಗ ಸಿಗುವ ಡಿಸ್ಕ್ರಿಪ್ಟರನ್ನು (ತೆರೆದದ್ದರ ಗುರುತಿನ ನಂಬರ್) ಓಪನ್‌ಆಟ್‌ಗೆ ಕೊಟ್ಟು ಅದರೊಳಗಿನ ಫೈಲ್ ತೆರೆಯುವುದು ಒಳ್ಳೆಯದು. 2008ರ ಪಾಸಿಕ್ಸ್‌ನಲ್ಲಿ ಈ ಕುಟುಂಬವೇ ಬಂದಿದೆ. ಹೆಸರು ಬದಲಾದರೂ ಡಿಸ್ಕ್ರಿಪ್ಟರ್ ಅದೇ ಫೋಲ್ಡರನ್ನು ಹಿಡಿದುಕೊಂಡಿರುತ್ತದೆ. ಸಿಎಚ್‌ಡಿರ್ ಮಾಡಿ ವಾಪಸ್ ಬರಲೇಬೇಕು ಅಂತಿದ್ದರೂ, ಮೊದಲು ಡಾಟ್ (ಈಗಿರುವ ಫೋಲ್ಡರ್) ಓಪನ್ ಮಾಡಿಟ್ಟುಕೊಂಡು ಕೊನೆಗೆ ಆ ಡಿಸ್ಕ್ರಿಪ್ಟರಿಗೆ ಎಫ್‌ಸಿಎಚ್‌ಡಿರ್ ಮಾಡಿ. ಗೆಟ್‌ಸಿಡಬ್ಲ್ಯುಡಿಯಿಂದ ಹೆಸರು ಬರೆದಿಟ್ಟು ಅದಕ್ಕೆ ವಾಪಸ್ ಹೋಗುವುದು ನಂಬಿಕೆಗೆ ಯೋಗ್ಯ ಅಲ್ಲ.

ಉಪ್ಪಳ_ಉಬುಂಟು
ಹೆಸರು ಬದಲಾಗುವುದು ಬಿಡಿ, ಫೋಲ್ಡರೇ ಡಿಲೀಟ್ ಆದರೆ? ಒಂದು ಟರ್ಮಿನಲ್ ಒಳಗಿರುವಾಗಲೇ ಇನ್ನೊಂದರಿಂದ ಅಳಿಸಿ ನೋಡಿ. ಪ್ರಾಂಪ್ಟ್ ಏನೂ ಆಗದ ಹಾಗೆ ನಿಂತಿರುತ್ತದೆ. ಗೆಟ್‌ಸಿಡಬ್ಲ್ಯುಡಿ ಮಾತ್ರ ಅಂಥದ್ದು ಇಲ್ಲ ಅನ್ನುತ್ತದೆ. ಪ್ರೊಸೆಸ್‌ಗಳ ವಿವರ ಇರುವ ಪ್ರೋಕ್ ಫೋಲ್ಡರ್ ಒಳಗೆ ಆ ಪ್ರೊಸೆಸ್‌ನ ಸಿಡಬ್ಲ್ಯುಡಿ ನೋಡಿದರೆ ಹೆಸರಿನ ಪಕ್ಕ ಡಿಲೀಟೆಡ್ ಅಂತ ಬರೆದಿರುತ್ತದೆ.

ಲ್ಯಾಬ್_ಟೀಚರ್
ಅಳಿಸಿ ಅದೇ ಹೆಸರಲ್ಲಿ ಹೊಸ ಫೋಲ್ಡರ್ ಮಾಡಿದರೂ ಎಲ್‌ಎಸ್ ಖಾಲಿ ತೋರಿಸುತ್ತದಲ್ಲ, ಅದು ಇದೇನಾ? ಮಕ್ಕಳು 'ಫೈಲ್ ಹೋಯಿತು' ಅಂತ ಅಳುವುದೊಂದು ಬಾಕಿ.

ಉಪ್ಪಳ_ಉಬುಂಟು
ಅದೇ ಟೀಚರೇ. ಶೆಲ್ ಹಳೆಯದರೊಳಗೇ ಇದೆ. ಫೋಲ್ಡರಿನ ಹೆಸರು ಬರೆದಿಟ್ಟಿರುವ ಪಿಡಬ್ಲ್ಯುಡಿ ವೇರಿಯೇಬಲ್‌ಗೆ ಸಿಡಿ ಮಾಡಿಸಿ, ಹೊಸತಕ್ಕೆ ಹೋಗುತ್ತದೆ.

ಬದಿಯಡ್ಕ_ಡಿಟಿಪಿ
ತಲೆ ಗಿರ್ರ್ ಅಂತಿದೆ, ಆದರೂ ಖುಷಿ. ಕೊನೆಯದ್ದು ಒಂದು. ರಾತ್ರಿ ಹಳೆ ಪ್ರೂಫ್ ಫೈಲ್ ಅಳಿಸಲು ಒಂದು ಸ್ಕ್ರಿಪ್ಟ್ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಓಡಿಸುವ ವ್ಯವಸ್ಥೆ) ಹಾಕಬೇಕು. ಮೊದಲ ಸಾಲು ಪ್ರೂಫ್ ಫೋಲ್ಡರಿಗೆ ಸಿಡಿ, ಎರಡನೇ ಸಾಲು ಎಲ್ಲ ಅಳಿಸು. ಸರಿಯಾ?

ಪೆರ್ಲ_ಪೈಥಾನ್
ಅಯ್ಯೋ ನಿಲ್ಲಿ ನಿಲ್ಲಿ!!

ಹಳೆ_ಯುನಿಕ್ಸ್
ಬೇಡ ಬೇಡ. ಕ್ರಾನ್ ನಿಮ್ಮ ಸ್ಕ್ರಿಪ್ಟನ್ನು ಹೋಮ್ ಫೋಲ್ಡರಿನಲ್ಲಿ ಶುರು ಮಾಡುತ್ತದೆ. ಸಿಡಿ ಫೇಲ್ ಆದರೂ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ. ಪ್ರೂಫ್ ಇರುವ ಡಿಸ್ಕ್ ಆ ರಾತ್ರಿ ಮೌಂಟ್ ಆಗದಿದ್ದರೆ ಅಳಿಸುವುದು ಹೋಮ್‌ನದ್ದನ್ನೇ. ಸಿಡಿ ಆದ ಮೇಲೆ ಎರಡು ಪೈಪ್ ಚಿಹ್ನೆ ಹಾಕಿ ಎಕ್ಸಿಟ್ 1 ಅಂತ ಬರೆಯಿರಿ. ಅದಕ್ಕಿಂತಲೂ ಒಳ್ಳೆಯದು ಅಳಿಸುವ ಸಾಲಿನಲ್ಲೇ ಪೂರ್ತಿ ಪಾಥ್ ಬರೆಯುವುದು.

ಪೆರ್ಲ_ಪೈಥಾನ್
ನೋಡಿದಿರಾ ಅಣ್ಣ, ಕೊನೆಗೆ ನೀವೂ ಪೂರ್ತಿ ಪಾಥ್‌ಗೇ ಬಂದಿರಿ!

ಹಳೆ_ಯುನಿಕ್ಸ್
ಅಳಿಸುವಾಗ ಮಾತ್ರ.

ಚಂದ್ರಗಿರಿ_ತೀರ
ಕ್ರಾನ್ ಬದಲು, ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿಯ ಟೈಮರ್ ಹಾಕಿದರೆ ಇನ್ನೂ ನೆಮ್ಮದಿ. ಸರ್ವಿಸ್ ಫೈಲಿನಲ್ಲಿ ವರ್ಕಿಂಗ್ ಡೈರೆಕ್ಟರಿ ಅಂತ ಒಂದು ಸಾಲು ಬರೆಯಿರಿ. ಬರೆಯದಿದ್ದರೆ ಸಿಸ್ಟಂ ಸರ್ವಿಸ್ ರೂಟ್ ಫೋಲ್ಡರಿನಲ್ಲಿ ಶುರುವಾಗುತ್ತದೆ, ಅದು ಇನ್ನೂ ಅಪಾಯ. ಬರೆದರೆ, ನಿಮ್ಮ ಸ್ಕ್ರಿಪ್ಟ್ ಶುರುವಾಗುವ ಮೊದಲೇ ಆ ಫೋಲ್ಡರಿಗೆ ಸಿಎಚ್‌ಡಿರ್ ಆಗಿರುತ್ತದೆ. ಫೋಲ್ಡರ್ ಇಲ್ಲ ಅಂದರೆ ಸ್ಕ್ರಿಪ್ಟ್ ಓಡುವುದೇ ಇಲ್ಲ, ಲಾಗ್‌ನಲ್ಲಿ 200/ಸಿಎಚ್‌ಡಿರ್ ಅಂತ ಎಕ್ಸಿಟ್ ಕೋಡ್ ಬಿದ್ದಿರುತ್ತದೆ.

ಬದಿಯಡ್ಕ_ಡಿಟಿಪಿ
ಇದನ್ನೇ ಹಾಕುತ್ತೇನೆ. ಕರೆಂಟ್ ಬರಲಿ, ಮಳೆ ಶುರುವಾಗುವಾಗಲೇ ಹೋಗಿದೆ.